ವಿಮೆಯ ಹಣ ಭಿಕ್ಷೆಯಲ್ಲ

೨೦೧೮ನೆಯ ಇಸವಿಯ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದೆಡೆಗಳಲ್ಲಿ ಬೆಟ್ಟಗಳು ಕುಸಿದು ಮನೆ ತೋಟಗಳು ಮಣ್ಣುಪಾಲಾದುದನ್ನು ಕೊಡಗಿನವರು ಮರೆತಿಲ್ಲ. ಮರುವರ್ಷ ತೋರ ಗ್ರಾಮದಲ್ಲಿಯೂ, ೨೦೨೦ರಲ್ಲಿ ತಲಕಾವೇರಿಯಲ್ಲಿಯೂ ಅದೇ ಅನರ್ಥವು ಮರುಕಳಿಸಿತು. ಇಂತಹ ವಿಪತ್ತಿನಲ್ಲಿ ಸರಕಾರವು ಕೊಡುವ ಪರಿಹಾರ ಬೇರೆ, ವಿಮಾ ಕಂಪೆನಿಯು ತೆರತಕ್ಕ ಹಣ ಬೇರೆ. ಮೊದಲನೆಯದು ಪ್ರಜಾಪಾಲನೆಯ ಧರ್ಮದಿಂದ ಬಂದುದು. ಎರಡನೆಯದು ಕರಾರಿನಿಂದ ಹುಟ್ಟಿದ ಹಕ್ಕು. ಹಕ್ಕುಳ್ಳವನು ಯಾಚಕನಂತೆ ನಿಲ್ಲಬೇಕಾದುದಿಲ್ಲ. ಆದರೆ ಆ ಹಕ್ಕಿನ ತಳಹದಿಯಾದ ತತ್ತ್ವಗಳನ್ನು ಅವನು ಅರಿತಿರಬೇಕು.

ಅವುಗಳಲ್ಲಿ ಮೊದಲನೆಯದು ಪರಮ ವಿಶ್ವಾಸ. ಸಾಧಾರಣ ವ್ಯಾಪಾರದಲ್ಲಿ ಕೊಳ್ಳುವವನೇ ಎಚ್ಚರಿಕೆಯಿಂದಿರಬೇಕು. ವಿಮೆಯಲ್ಲಾದರೋ ಮುಖ್ಯ ಸಂಗತಿಗಳನ್ನು ಮುಚ್ಚಿಡದಿರುವುದು ಉಭಯಪಕ್ಷಗಳ ಕರ್ತವ್ಯ. ಮನೆಯ ಹಿಂದಿನ ದಿಣ್ಣೆಯನ್ನು ಕಡಿದಿದ್ದರೆ, ಗೋಡೆ ಮೊದಲೇ ಬಿರಿದಿದ್ದರೆ, ಅದನ್ನು ಮರೆಮಾಚಿದವನು ತನ್ನ ಹಕ್ಕನ್ನು ತಾನೇ ಕಡಿದುಕೊಳ್ಳುವನು. ಕಂಪೆನಿಯ ಸಂಶಯಕ್ಕೂ ಮಿತಿಯುಂಟು. ೧೯೩೮ರ ವಿಮಾ ಶಾಸನದ ೪೫ನೆಯ ಕಲಮಿಗೆ ೨೦೧೫ರಲ್ಲಾದ ತಿದ್ದುಪಡಿಯಂತೆ, ಜೀವವಿಮಾಪತ್ರವನ್ನು ಮೂರು ವರ್ಷಗಳು ಸಂದ ಮೇಲೆ ಯಾವ ಕಾರಣದಿಂದಲೂ ಪ್ರಶ್ನಿಸುವಂತಿಲ್ಲ.

ಎರಡನೆಯದು ಹಿತಸಂಬಂಧ. ವಸ್ತುವು ನಾಶವಾದರೆ ಕಾನೂನು ಮನ್ನಿಸುವ ಹಾನಿ ಯಾರಿಗೆ ತಟ್ಟುವುದೋ ಅವರೇ ಅದಕ್ಕೆ ವಿಮೆ ಇಳಿಸಬಹುದು. ಇಲ್ಲವಾದರೆ ಅದು ಜೂಜಾದೀತು. ಐನ್‌ಮನೆಯು ಇಡೀ ಒಕ್ಕಕ್ಕೆ ಸೇರಿದುದಾದ್ದರಿಂದ, ವಿಮಾಪತ್ರವು ಯಾರ ಹೆಸರಿನಲ್ಲಿ, ಯಾರ ಯಾರ ಪರವಾಗಿ ಎಂಬುದನ್ನು ಮೊದಲೇ ಬರೆಯಿಸಿಕೊಳ್ಳುವುದು ಲೇಸು.

ಮೂರನೆಯದು ನಷ್ಟಭರ್ತಿ. ಆಸ್ತಿಯ ವಿಮೆಯಿಂದ ಯಾರೂ ಲಾಭ ಪಡೆಯುವಂತಿಲ್ಲ, ಕಳೆದುಕೊಂಡಷ್ಟೇ ದೊರೆಯುವುದು. ಶುಲ್ಕವನ್ನು ಉಳಿಸಹೋಗಿ ಬೆಲೆಯನ್ನು ತಗ್ಗಿಸಿ ಬರೆಯಿಸಿದವನಿಗೆ ಅದೂ ದೊರೆಯದು. ಹತ್ತು ಲಕ್ಷದ ಕಾಫಿ ಗೋದಾಮಿಗೆ ಐದು ಲಕ್ಷದ ವಿಮೆಯಿದ್ದರೆ, ಸರಾಸರಿ ನಿಯಮವುಳ್ಳ ಕರಾರಿನಲ್ಲಿ ಎರಡು ಲಕ್ಷದ ನಷ್ಟಕ್ಕೆ ಒಂದೇ ಲಕ್ಷ.

ನಾಲ್ಕನೆಯದಾದ ಸಮೀಪಕಾರಣದ ತತ್ತ್ವವೇ ಮಲೆನಾಡಿಗರಿಗೆ ಅತ್ಯಂತ ಮುಖ್ಯವಾದುದು. ನಷ್ಟಕ್ಕೆ ಬಲವತ್ತರವಾದ ಕಾರಣವಾವುದು, ಅದು ಕರಾರಿನಲ್ಲಿ ಸೇರಿದೆಯೇ ಎಂಬುದೇ ಇಲ್ಲಿಯ ಪ್ರಶ್ನೆ. ಮಳೆಯಿಂದ ಗುಡ್ಡ ಜರಿದು ಮನೆ ಬಿದ್ದರೆ ಒಂದು. ಹೊಸ ಕಟ್ಟಡವು ತನ್ನ ಭಾರಕ್ಕೆ ಕುಗ್ಗಿ ಬಿರಿದರೆ ಮತ್ತೊಂದು. ಆದ್ದರಿಂದ ವಿಮಾಪತ್ರದಲ್ಲಿ ಭೂಕುಸಿತವೆಂಬ ಮಾತು ಇದೆಯೇ, ಇಲ್ಲವೇ ಎಂಬುದನ್ನು ಆಷಾಢಕ್ಕೆ ಮುನ್ನವೇ ನೋಡಿಕೊಳ್ಳಬೇಕು.

ಕುಸಿತವಾದೊಡನೆ ಕಂಪೆನಿಗೆ ಬರಹದಲ್ಲಿ ತಿಳಿಸಿ, ಚಿತ್ರಗಳನ್ನು ತೆಗೆದು, ಕಂದಾಯ ಅಧಿಕಾರಿಗಳ ಮಹಜರಿನ ನಕಲನ್ನು ಪಡೆಯಬೇಕು. ದಾರಿ ಕಡಿದು ತಡವಾದರೆ ಧೃತಿಗೆಡಬೇಕಾದುದಿಲ್ಲ. ನ್ಯಾಯವಾದ ಬೇಡಿಕೆಯನ್ನು ಕೇವಲ ವಿಳಂಬದ ನೆಪದಿಂದ ತಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಓಂ ಪ್ರಕಾಶರ ಮೊಕದ್ದಮೆಯಲ್ಲಿ ವಿಧಿಸಿದೆ. ಕಂಪೆನಿಯು ನಿರಾಕರಿಸಿದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರಲ್ಲಿ ಶುಲ್ಕವಿಲ್ಲದೆ ದೂರಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ವಿಮಾನಿಧಿಯು ಕಂಪೆನಿಯ ಸ್ವಂತ ಗಂಟಲ್ಲ, ಸಾವಿರಾರು ಸಂಸಾರಗಳು ಕೂಡಿಟ್ಟ ಕಾಸು. ಸುಳ್ಳು ಬೇಡಿಕೆಯನ್ನು ಒಡ್ಡುವವನು ನೆರೆಯವನ ಗಂಟಿಗೆ ಕೈಹಾಕುತ್ತಾನೆ; ನಿಜವಾದ ಬೇಡಿಕೆಯನ್ನು ತಳ್ಳುವ ಕಂಪೆನಿಯು ಆ ನೆರೆಯವನ ನಂಬಿಕೆಯನ್ನೇ ಕೊಲ್ಲುತ್ತದೆ. ಉಭಯರೂ ಇದನ್ನು ನೆನೆದು ನಡೆಯತಕ್ಕದ್ದೆಂದು ನಮ್ಮ ಮತ.