ಡಿಜಿಟಲ್ ನಕಾಶೆಯ ಸಹಾಯದಿಂದ ಬಂಡಿದಾರಿ ಮತ್ತು ಬದುಗಳ ದುರಸ್ತಿ

ಪೈರು ಕೊಯ್ಲಿಗೆ ಬಂದ ಕಾಲದಲ್ಲಿ ಹೊಲದಿಂದ ಕಣಕ್ಕೆ ಬಂಡಿಯಾಗಲಿ ಟ್ರ್ಯಾಕ್ಟರಾಗಲಿ ಬರಲು ದಾರಿಯಿಲ್ಲದೆ ರೈತರು ಪಡುವ ಕಷ್ಟವು ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ತಿಳಿಯದ ವಿಷಯವಲ್ಲ. ಪ್ರತಿ ವರ್ಷವೂ ದಾರಿಗೆ ಮಣ್ಣು ಹಾಕಿಸುವುದುಂಟು. ಅದು ಅದೇ ಸ್ಥಳದಲ್ಲಿ ಕೊಚ್ಚಿಹೋಗುವುದೂ ಉಂಟು. ಎಲ್ಲಿ, ಯಾವಾಗ, ಏನು ಕೆಟ್ಟಿತು, ಏನು ಮಾಡಲಾಯಿತು ಎಂಬ ಲೆಕ್ಕವನ್ನು ಯಾರೂ ಇಡದಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಈ ಲೆಕ್ಕವನ್ನು ಅಲ್ಪ ವೆಚ್ಚದಲ್ಲಿ ಇಡಲು ಡಿಜಿಟಲ್ ನಕಾಶೆಯು ಅನುಕೂಲವಾದ ಸಾಧನವು.

ಬೇಕಾದ ಸಾಧನಗಳು.— ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಸಿದ್ಧಪಡಿಸಿರುವ 'ದಿಶಾಂಕ್' ಎಂಬ ಮೊಬೈಲ್ ಆ್ಯಪ್, ನಾವು ನಿಂತಿರುವ ಸ್ಥಳದ ಸರ್ವೆ ನಂಬರನ್ನು ತೋರಿಸತಕ್ಕದ್ದು. ಗ್ರಾಮದ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆಗಳು ಕಾಣಿಸಲ್ಪಟ್ಟಿರುತ್ತವೆ. ಗುರುತುಗಳನ್ನು ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಲು 'ಕ್ಯೂಜಿಐಎಸ್' ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ.

ಕ್ರಮ.— ಮುಂಗಾರಿಗೆ ಮುಂಚೆ ಒಮ್ಮೆ, ಮೊದಲನೆಯ ದೊಡ್ಡ ಮಳೆಯಾದ ಮರುದಿನ ಒಮ್ಮೆ, ನಕಾಶೆ ಕಂಡ ದಾರಿಗಳಲ್ಲಿ ನಡೆದು ನೋಡತಕ್ಕದ್ದು. ಕೊರಕಲು, ಒಡೆದ ಬದು, ಹೂಳು ತುಂಬಿದ ಮೋರಿ ಇವುಗಳಿಗೆ ಒಂದೊಂದು ಗುರುತು ಹಾಕಿ, ತಾರೀಖು, ಅಳತೆ, ಛಾಯಾಚಿತ್ರಗಳನ್ನು ಅದಕ್ಕೆ ಸೇರಿಸತಕ್ಕದ್ದು. ಆಗಬೇಕಾದ ಕೆಲಸಕ್ಕೆ ಕೆಂಪು, ನಡೆಯುತ್ತಿರುವುದಕ್ಕೆ ಹಳದಿ, ಮುಗಿದುದಕ್ಕೆ ಹಸಿರು ಬಣ್ಣವನ್ನು ಕೊಟ್ಟರೆ, ಆಳುಗಳನ್ನೂ ಹಣವನ್ನೂ ಮೊದಲು ಎಲ್ಲಿಗೆ ಕಳುಹಿಸಬೇಕೆಂಬುದು ನೋಟಮಾತ್ರಕ್ಕೆ ತಿಳಿಯುವುದು.

ಪ್ರಯೋಜನ.— ಎರಡು ಮೂರು ವರ್ಷ ಒಂದೇ ಸ್ಥಳದಲ್ಲಿ ಕೆಂಪು ಗುರುತು ಬಿದ್ದರೆ, ದೋಷವು ಬಹುಶಃ ದಾರಿಯಲ್ಲಿಲ್ಲ. ಅದಕ್ಕಿಂತ ಮೇಲಿನ ಹೊಲದಲ್ಲಿದೆ. ಅಲ್ಲಿ ಬದು ಒಡೆದೋ ಕಾಲುವೆ ಮುಚ್ಚಿಯೋ ನೀರೆಲ್ಲ ದಾರಿಗೆ ನುಗ್ಗುತ್ತಿರಬಹುದು. ಅಂತಹ ಕಡೆ ದಾರಿಗೆ ಮಣ್ಣು ತುಂಬಿಸುವುದು ವ್ಯರ್ಥವು. ಮೊದಲು ಬದುವನ್ನು ಸರಿಪಡಿಸಿ, ಅನಂತರ ದಾರಿಗೆ ಅಡ್ಡಗಾಲುವೆ ಹಾಕಿ ನೀರನ್ನು ಹುಲ್ಲು ಬೆಳೆದ ಜಾಗಕ್ಕೆ ಹರಿಯಬಿಡಬೇಕು. ಇಳಿಜಾರಿನಲ್ಲಿ ನೆಟ್ಟಗೆ ಇಳಿಯುವ ದಾರಿಗೆ ಇದು ಅತ್ಯವಶ್ಯಕ. ಇಲ್ಲದಿದ್ದರೆ ದಾರಿಯೇ ಹಳ್ಳವಾಗಿ ಪರಿಣಮಿಸುವುದು.

ಎಚ್ಚರಿಕೆ.— ದಾರಿಯ ಪಕ್ಕದವರು ವರ್ಷಕ್ಕೊಂದು ಸಾಲಿನಂತೆ ಉತ್ತು ದಾರಿಯನ್ನು ಕಿರಿದುಮಾಡುವುದು ಅಪರೂಪವಲ್ಲ. ಹಾಗೆಂದು ಮೊಬೈಲನ್ನು ಹಿಡಿದು ಒತ್ತುವರಿಯನ್ನು ತೀರ್ಮಾನಿಸಲು ಹೊರಡಬಾರದು. ಬಯಲಿನಲ್ಲಿಯೂ ಅದರ ಗುರುತು ಸುಮಾರು 5 ಮೀಟರ್, ಅಂದರೆ 16 ಅಡಿ, ಆಚೀಚೆ ಆಗಬಹುದು. 33 ಅಡಿಯ ಸರ್ವೆ ಸರಪಳಿಯಲ್ಲಿ ಇದು ಸುಮಾರು ಅರ್ಧ ಸರಪಳಿ. ಅನೇಕ ಬಂಡಿದಾರಿಗಳ ಅಗಲವೇ ಅಷ್ಟಿಲ್ಲ. ಮರಗಳ ಕೆಳಗೆ ತಪ್ಪು ಇನ್ನೂ ಹೆಚ್ಚು. ಮೊಬೈಲಿನ ಗುರುತು ಸಂದೇಹವನ್ನು ಸೂಚಿಸಬಲ್ಲುದೇ ಹೊರತು ಗಡಿಯನ್ನು ಸ್ಥಾಪಿಸಲಾರದು. ವಿವಾದವಿದ್ದಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಸರ್ಕಾರಿ ಭೂಮಾಪಕರಿಂದ ಉಭಯ ಪಕ್ಷದವರ ಎದುರಿನಲ್ಲಿ ಅಳತೆ ಮಾಡಿಸತಕ್ಕದ್ದು.

ಆದಕಾರಣ, ಗ್ರಾಮದ ಹಿರಿಯರು ಓದಿದ ಒಬ್ಬಿಬ್ಬರು ಯುವಕರನ್ನು ಜೊತೆಗೆ ಕರೆದುಕೊಂಡು, ಈ ವರ್ಷ ಒಂದೇ ಒಂದು ದಾರಿಯಲ್ಲಾದರೂ ಈ ಕ್ರಮವನ್ನು ಅನುಸರಿಸಿ ನೋಡಬೇಕು. ನೀರು ಹರಿಯುವ ಜಾಡನ್ನು ಹಿರಿಯರು ಬಲ್ಲರು. ಅದನ್ನು ನಕಾಶೆಯಲ್ಲಿ ಬರೆದಿಡುವ ವಿಧಾನವನ್ನು ಯುವಕರು ಬಲ್ಲರು. ಉಭಯರೂ ಕೂಡಿದರೆ ಗ್ರಾಮದ ಹಣವೂ ಉಳಿಯುವುದು, ದಾರಿಯೂ ಉಳಿಯುವುದು.