ಎಂಬತ್ತು ದಾಟಿದ ಹೀರೋಯಿನ್!

ಹೀರೋಯಿನ್‌ಗೆ ಎಂಬತ್ತು ವರ್ಷ ಅಂದರೆ ನಗ್ತೀರಿ, ಗೊತ್ತು. ನಮ್ಮ ಗಾಂಧಿನಗರದಲ್ಲಿ ಮುದುಕಿಗೆ ಸಿಗುವ ಕೆಲಸ ಇಷ್ಟೇ: ಕೆಮ್ಮುವುದು, ಮಗನಿಂದ ಆಣೆ ಹಾಕಿಸುವುದು, ಇಂಟರ್‌ವಲ್‌ಗೆ ಮೊದಲೇ ಕಣ್ಮುಚ್ಚುವುದು! ಆದರೆ ಶಿವರಾಮ ಕಾರಂತರು 1968ರಲ್ಲೇ ಒಬ್ಬ ಅಜ್ಜಿಯನ್ನು ನಟ್ಟನಡುವೆ ಕೂರಿಸಿ 'ಮೂಕಜ್ಜಿಯ ಕನಸುಗಳು' ಬರೆದುಬಿಟ್ಟರು. ಹತ್ತರ ಪ್ರಾಯಕ್ಕೇ ವಿಧವೆಯಾಗಿ ಬಾಯಿ ಕಟ್ಟಿಕೊಂಡು ಬಾಳಿದವಳು... ಮೊಮ್ಮಗ ಸುಬ್ಬರಾಯ ಹಳೇ ವಸ್ತುವೊಂದನ್ನು ಕೈಗಿಟ್ಟರೆ ಸಾಕು, ಅದರ ಹಿಂದಿನ ಕಾಲವೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ದೇವರಿರಲಿ, ಗಂಡು-ಹೆಣ್ಣಿನ ಸಂಗತಿಯಿರಲಿ, ಅಜ್ಜಿಗೆ ಯಾರ ಮುಲಾಜೂ ಇಲ್ಲ! 1977ರ ಜ್ಞಾನಪೀಠ ಬಂದದ್ದು ಇದಕ್ಕೇ. 2019ರಲ್ಲಿ ಪಿ. ಶೇಷಾದ್ರಿ ತೆರೆಗೆ ತಂದಾಗ ಅಜ್ಜಿಯಾದವರು ಬಿ. ಜಯಶ್ರೀ. ಗುಬ್ಬಿ ವೀರಣ್ಣನವರ ಮೊಮ್ಮಗಳಲ್ಲವೇ, ಆ ಕಂಠ ಕೇಳಬೇಕು!

ಆದರೂ ನನ್ನ ಓಟು 'ಬೆಟ್ಟದ ಜೀವ'ದ ಗೋಪಾಲಯ್ಯನವರಿಗೇ. ಇದೂ ಕಾರಂತರದೇ, 1943ರ ಕಾದಂಬರಿ. 2011ರಲ್ಲಿ ತೆರೆಕಂಡ ಚಿತ್ರವೂ ಶೇಷಾದ್ರಿಯವರದೇ, ಗೋಪಾಲಯ್ಯನಾಗಿ ದತ್ತಣ್ಣ. ಸುಬ್ರಹ್ಮಣ್ಯದ ಕಡೆಯ ಘೋರ ಕಾಡಿನಲ್ಲಿ ಅಡಿಕೆ ತೋಟ ಎಬ್ಬಿಸಿದ ಗಟ್ಟಿ ಆಸಾಮಿ. ಆನೆಗೂ ಬಗ್ಗದವರು, ಹುಲಿಗೂ ಬಗ್ಗದವರು. ದಾರಿ ತಪ್ಪಿ ಬಂದ ಅಪರಿಚಿತನಿಗೆ ಬಿಸಿನೀರು ಕಾಯಿಸಿ, ಹೊಟ್ಟೆ ತುಂಬ ಬಡಿಸಿ, ತಮಾಷೆ ಮಾಡಿ ನಗಿಸುವವರು. ಆದರೆ ಮನೆ ಬಿಟ್ಟುಹೋದ ಮಗನ ಮಾತು ಬಂತೋ, ಮುಗೀತು! ಹೆಂಡತಿ ಶಂಕರಿಯ ಕಣ್ಣು ತುಂಬುತ್ತದೆ, ಮುದುಕರ ನಗೆ ಅಲ್ಲೇ ನಿಲ್ಲುತ್ತದೆ.

ಇಂಥ ಹೀರೋಗೆ ಫೈಟ್ ಮಾಸ್ಟರ್ ಏನು ಮಾಡಿಯಾನು? ಹೊಡೆಯೋಣವೆಂದರೆ ವಿಲನ್ನೇ ಇಲ್ಲ, ಇರುವುದು ಬರೀ ಕಾಯುವುದು. ಕೆಲಸ ಹುಡುಕಿ ಊರು ಬಿಟ್ಟು ಬಸ್ಸು ಹತ್ತುವ ಗೆಳೆಯರೇ, ಚೀಲದಲ್ಲೊಂದು 'ಬೆಟ್ಟದ ಜೀವ' ಇಟ್ಟುಕೊಳ್ಳಿ. ದಪ್ಪ ಪುಸ್ತಕವೇನಲ್ಲ.