ಟೊಮೇಟೊ ಬೇರಿನ ಕಾವಲುಗಾರರು

ಬ್ಯಾಕ್ಟೀರಿಯಾ ಎಂದರೇನೆಂದು ತರಗತಿಯಲ್ಲಿ ಕೇಳಿದರೆ, ‘ರೋಗ ತರುವ ಕ್ರಿಮಿ’ ಎಂಬ ಉತ್ತರವೇ ಮೊದಲು ಬರುತ್ತದೆ. ಕನ್ನಡ ಮೇಷ್ಟರಿಗೆ ಈ ಕ್ರಿಮಿಗಳ ಉಸಾಬರಿ ಏಕೆಂದು ಪೋಷಕರು ಕೇಳಬಹುದು. ನಮ್ಮ ಹೊಸೂರು ಸೀಮೆಯಲ್ಲಿ ಟೊಮೇಟೊ ಬೆಳೆ ಕೈಕೊಟ್ಟ ವರ್ಷ ಕೆಲವು ಮಕ್ಕಳು ಶಾಲೆ ಬಿಟ್ಟು ಕೂಲಿಗೆ ಹೋಗುವುದನ್ನು ನಾವು ಕಂಡಿದ್ದೇವೆ. ಅದೇ ಕಾರಣ.

ಕಾಯಿ ಕಟ್ಟುವ ಹೊತ್ತಿಗೆ ಕೆಳಗಿನ ಎಲೆಗಳು, ಅನೇಕ ವೇಳೆ ಒಂದೇ ಮಗ್ಗುಲಲ್ಲಿ, ಹಳದಿಯಾಗುತ್ತವೆ. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಳ್ಳುತ್ತದೆ. ಕೆಲವು ದಿನ ಕಳೆದರೆ ಸಂಜೆಯೂ ಏಳುವುದಿಲ್ಲ. ನೀರು ಸಾಲದೆಂದು ಇನ್ನಷ್ಟು ನೀರು ಹಾಯಿಸುತ್ತೇವೆ. ಆದರೆ ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನೇ ಕಟ್ಟಿಬಿಟ್ಟಿರುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಸಿಪ್ಪೆಯ ಒಳಗೆ ಕಂದು ಗೆರೆ ಕಾಣುತ್ತದೆ. ಇದೇ ಸೊರಗು ರೋಗ. ಗಿಡ ಕಿತ್ತರೂ ಶಿಲೀಂಧ್ರದ ಗಟ್ಟಿ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆ.

ಅದೇ ಮಣ್ಣಿನಲ್ಲಿ ಗಿಡದ ನೆಂಟರೂ ಇದ್ದಾರೆ. ಬೇರು ಸ್ರವಿಸುವ ಸಕ್ಕರೆಯಂಥ ವಸ್ತುಗಳನ್ನು ಉಂಡು ಬೇರಿಗೇ ಅಂಟಿ ಬದುಕುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಅವರಲ್ಲೊಬ್ಬ. ಇವನ ಯುದ್ಧತಂತ್ರ ಸೊಗಸಾದುದು. ನಮ್ಮ ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದೇ. ಆದರೂ ಕರಗಿ ಬಳಕೆಗೆ ಸಿಗುವ ಕಬ್ಬಿಣ ಅತ್ಯಲ್ಪ. ಈ ಬ್ಯಾಕ್ಟೀರಿಯಾ ಹಳದಿ-ಹಸಿರು ವಸ್ತುವೊಂದನ್ನು ಹೊರಬಿಟ್ಟು ಆ ಕಬ್ಬಿಣವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಕಬ್ಬಿಣ ಸಿಗದ ಶಿಲೀಂಧ್ರ ಸೊರಗುತ್ತದೆ. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಆ ವಸ್ತುವಿನಿಂದಲೇ ‘ಫ್ಲೋರೆಸೆನ್ಸ್’ ಎಂಬ ಹೆಸರು ಬಂದಿದೆ. ಇದಲ್ಲದೆ ಇವುಗಳ ಕೆಲವು ತಳಿಗಳು ಶಿಲೀಂಧ್ರನಾಶಕ ವಸ್ತುಗಳನ್ನೂ ತಯಾರಿಸುತ್ತವೆ. ಗಿಡದ ಸ್ವಂತ ರೋಗನಿರೋಧ ಶಕ್ತಿಯನ್ನು ಎಚ್ಚರಿಸುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಇಂಥ ಕೆಲಸ ಮಾಡುತ್ತದೆ.

ಟಾಲ್ಕ್ ಪುಡಿಯಲ್ಲಿ ಬೆರೆಸಿದ ಸ್ಯೂಡೋಮೊನಾಸ್ ಅಂಗಡಿಯಲ್ಲಿ ದೊರೆಯುತ್ತದೆ. ಕಿಲೋ ಬೀಜಕ್ಕೆ 10 ಗ್ರಾಂ ಲೆಕ್ಕದಲ್ಲಿ ಹಚ್ಚಬೇಕು. ನಾಟಿಗೆ ಮುನ್ನ, ಲೀಟರು ನೀರಿಗೆ 10 ಗ್ರಾಂ ಕಲಸಿ ಸಸಿಗಳ ಬೇರನ್ನು ಅರ್ಧ ಗಂಟೆ ಅದ್ದಿಡಬಹುದು. ಎಕರೆಗೆ 1 ಕಿಲೋ ಪುಡಿಯನ್ನು 20 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಭೂಮಿಗೆ ಸೇರಿಸುವುದೂ ಉಂಟು. ಪೊಟ್ಟಣದೊಳಗಿರುವುದು ಜೀವವೆಂಬುದು ನೆನಪಿರಲಿ: ತಾರೀಖು ಮೀರಿದ್ದು, ಬಿಸಿಲಿಗೆ ಬಿದ್ದದ್ದು ಬೇಡ. ತಾಮ್ರದ ಔಷಧಿಯ ಜೊತೆ ಬೆರೆಸಲೂ ಬಾರದು.

ಶಾಲೆಯ ತೋಟದಲ್ಲಿ ಮೊದಲ ಸಲ ನಾವು ಎಡವಿದ್ದು ಬೇರೆ ಕಡೆ. ಗಿಡಗಳು ಬಾಡಿದ ಮೇಲೆ ಪುಡಿ ತಂದು ಬುಡಕ್ಕೆ ಸುರಿದೆವು. ಒಂದೂ ಉಳಿಯಲಿಲ್ಲ. ನಾಳ ಕಟ್ಟಿದ ಮೇಲೆ ಬೇರಿನ ಹೊರಗೆ ನಿಂತ ಕಾವಲುಗಾರ ಮಾಡುವುದಾದರೂ ಏನು? ಮರುವರ್ಷ ಜಾಗ ಬದಲಿಸಿ, ಬಿತ್ತುವ ದಿನವೇ ಬೀಜಕ್ಕೆ ಹಚ್ಚಿದೆವು, ನಾಟಿಯ ದಿನ ಬೇರನ್ನೂ ಅದ್ದಿದೆವು. ಆಗಲೂ ನಾಲ್ಕಾರು ಗಿಡ ಬಾಡಿದವು. ಉಳಿದವುಗಳ ಹಣ್ಣು ಮಧ್ಯಾಹ್ನದೂಟದ ಸಾರಿಗೆ ಹೋಯಿತು.